ಚಿಕಾಗೋ ಚಳಿಗೆ ಅಂಗಡಿ ಸಜ್ಜು ಮಾಡುವುದು ಹೇಗೆ: ನೀರಿನ ಜಾಡು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

2019ರ ಜನವರಿ 30. ಚಿಕಾಗೋದಲ್ಲಿ ಅವತ್ತು ಬೆಳಿಗ್ಗೆ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 31ರ ಹತ್ತಿರ. ನಗರದ ಹೊರಗಿನ ಒಂದು ಸಾಲು ಮಳಿಗೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ಎರಡು ದಿನ ಮುಚ್ಚಿದ್ದೆವು. ಹೇಗೂ ಯಾರೂ ಇರುವುದಿಲ್ಲ, ಗ್ಯಾಸ್ ಬಿಲ್ಲಾದರೂ ಉಳಿಯಲಿ ಅಂತ ಹೀಟರನ್ನು ತೀರಾ ಕಡಿಮೆ ಮಾಡಿ ಮನೆಗೆ ಬಂದಿದ್ದೆ.

ಮೂರನೇ ದಿನ ಬಾಗಿಲು ತೆರೆದಾಗ ಎಲ್ಲ ಸರಿಯಾಗಿಯೇ ಇತ್ತು. ಮಧ್ಯಾಹ್ನ ಚಳಿ ಸಡಿಲವಾಗುತ್ತಾ ಬಂತು. ಆಗ ಹಿಂದಿನ ಕೋಣೆಯ ಸೀಲಿಂಗ್‌ನಿಂದ ನೀರು ಸುರಿಯತೊಡಗಿತು. ಸೀಲಿಂಗ್ ಮೇಲಿದ್ದ ಪೈಪು ಒಡೆದಿತ್ತು. ಇಡೀ ಅಂಗಡಿಗೆ ನೀರು ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಅಂತ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಸೋನಾ ಮಸೂರಿ ಮೂಟೆ, ಅವಲಕ್ಕಿ, ರಾಗಿ ಹಿಟ್ಟು ಎಲ್ಲ ನೆಂದು ಮುದ್ದೆಯಾಗಿದ್ದವು.

ಅವತ್ತಿನವರೆಗೆ ನನ್ನ ತಯಾರಿ ಅಂದರೆ ಎರಡು ಸಲಿಕೆ ಮತ್ತು ಐಸ್ ಕರಗಿಸಲು ಒಂದಿಷ್ಟು ಉಪ್ಪು. ಎಲ್ಲವೂ ಸ್ನೋಗಾಗಿ. ಆಮೇಲೆ ಕುಳಿತು ಯೋಚಿಸಿದಾಗ ಅರ್ಥವಾಯಿತು. ಇಲ್ಲಿ ಅಂಗಡಿಗೆ ಆಗುವ ನಷ್ಟದಲ್ಲಿ ಹೆಚ್ಚಿನದು ನೀರಿನಿಂದ. ಪೈಪಿನೊಳಗಿನ ನೀರು, ಛಾವಣಿ ಮೇಲೆ ಕರಗುವ ನೀರು, ಹೊಸ್ತಿಲಲ್ಲಿ ಹೆಪ್ಪುಗಟ್ಟುವ ನೀರು. ಹಾಗಾಗಿ ಈ ಬರಹದಲ್ಲಿ ನೀರಿನ ಹಿಂದೆಯೇ ಹೋಗುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮೂರಲ್ಲಿ ಮೇ ತಿಂಗಳು ಬಂತೆಂದರೆ ಅಪ್ಪ ಹೆಂಚು ಕೈಯಾಡಿಸಿ, ಕಟ್ಟಿಗೆ ಒಳಗೆ ಹಾಕಿಸಿ, ಚರಂಡಿ ಬಿಡಿಸಿ ಇಡುತ್ತಿದ್ದರು. ಇಲ್ಲಿ ಅದೇ ಕೆಲಸಕ್ಕೆ ಅಕ್ಟೋಬರ್.

ಹೆಜ್ಜೆ 1: ಬಾಡಿಗೆ ಕರಾರು ಓದಿ

ಸಲಿಕೆ ಕೊಳ್ಳುವ ಮುಂಚೆ ಕರಾರು ತೆಗೆಯಿರಿ. ಮೂರು ಪ್ರಶ್ನೆಗೆ ಉತ್ತರ ಹುಡುಕಿ. ಪಾರ್ಕಿಂಗ್ ಜಾಗದ ಸ್ನೋ ಯಾರು ತೆಗೆಸಬೇಕು? ನಿಮ್ಮ ಬಾಗಿಲ ಮುಂದಿನ ಕಾಲುದಾರಿ ಯಾರದು? ಛಾವಣಿ ಮತ್ತು ಅದರ ಮೇಲಿನ ಹೀಟಿಂಗ್ ಯಂತ್ರದ ರಿಪೇರಿ ಯಾರ ತಲೆಗೆ? ಸಾಲು ಮಳಿಗೆಗಳಲ್ಲಿ ಸಾಮಾನ್ಯವಾಗಿ ಪಾರ್ಕಿಂಗ್ ಕೆಲಸ ಮಾಲೀಕರು ಮಾಡಿಸಿ ಖರ್ಚನ್ನು ಎಲ್ಲರಿಗೂ ಹಂಚುತ್ತಾರೆ. ಹೀಟಿಂಗ್ ಯಂತ್ರ ಮಾತ್ರ ಬಹಳ ಕಡೆ ಬಾಡಿಗೆದಾರನದೇ. ಇದು ಗೊತ್ತಿಲ್ಲದೆ ಜನವರಿಯಲ್ಲಿ ಮಾಲೀಕರಿಗೆ ಫೋನ್ ಮಾಡುತ್ತಾ ಕೂತರೆ ಅಂಗಡಿ ತಣ್ಣಗಾಗುತ್ತದೆ ಅಷ್ಟೇ.

ಸ್ನೋ ತೆಗೆಸುವ ಜವಾಬ್ದಾರಿ ನಿಮ್ಮದಾದರೆ ಸೆಪ್ಟೆಂಬರ್‌ನಲ್ಲೇ ಗುತ್ತಿಗೆದಾರರ ಜೊತೆ ಮಾತಾಡಿ. ಮೊದಲ ಸ್ನೋ ಬಿದ್ದ ಮೇಲೆ ಅವರು ಸಿಗುವುದಿಲ್ಲ. ಎಷ್ಟು ಇಂಚು ಬಿದ್ದರೆ ತಾವಾಗಿಯೇ ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಸುತ್ತಾರೆ, ಉಪ್ಪಿಗೆ ಬೇರೆ ದುಡ್ಡೇ, ಕೂಲಿ ಇಡೀ ಸೀಸನ್ನಿಗಾ ಅಥವಾ ಪ್ರತಿ ಸಲಕ್ಕಾ ಎಂಬುದೆಲ್ಲ ಕಾಗದದಲ್ಲಿರಲಿ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತೆಗೆದ ಸ್ನೋವನ್ನು ಎಲ್ಲಿ ರಾಶಿ ಹಾಕುತ್ತಾರೆ? ಅದನ್ನು ನೀವೇ ನಿಂತು ತೋರಿಸಿ. ರಾಶಿ ಇಳಿಜಾರಿನ ಮೇಲ್ಭಾಗದಲ್ಲಿದ್ದರೆ ಹಗಲು ಕರಗಿದ ನೀರು ಪಾರ್ಕಿಂಗ್ ತುಂಬ ಹರಿಯುತ್ತದೆ. ರಾತ್ರಿ ಅದೇ ಗಾಜಿನಂಥ ಐಸ್. ರಾಶಿ ಯಾವಾಗಲೂ ಕೆಳಭಾಗದಲ್ಲಿ, ಚರಂಡಿಯ ಹತ್ತಿರ, ಆದರೆ ಚರಂಡಿಯ ಬಾಯಿ ಮುಚ್ಚದ ಹಾಗೆ ಇರಬೇಕು.

ಹೆಜ್ಜೆ 2: ಪೈಪುಗಳ ಸುತ್ತ ಒಂದು ಸುತ್ತು

ಟಾರ್ಚ್ ಹಿಡಿದು ಒಂದು ಸಂಜೆ ಇದಕ್ಕೇ ಇಟ್ಟುಕೊಳ್ಳಿ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲ.

ಮೊದಲು ಮೇನ್ ವಾಲ್ವ್ ಹುಡುಕಿ. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ. ಅಂಗಡಿಯ ಪ್ರತಿಯೊಬ್ಬರ ಕೈಯಲ್ಲೂ ಒಮ್ಮೆ ಮುಚ್ಚಿಸಿ, ತೆರೆಸಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಅದು ತಿಳಿಯಬೇಕಾದದ್ದು ಅಕ್ಟೋಬರ್‌ನಲ್ಲಿ, ನೀರು ಸುರಿಯುವಾಗಲ್ಲ. ತಿರುಗದಿದ್ದರೆ ಪ್ಲಂಬರ್ ಕರೆಸಿ ಬದಲಾಯಿಸಿ.

ಆಮೇಲೆ ಪೈಪು ಎಲ್ಲೆಲ್ಲಿ ಹೊರಗೋಡೆಯ ಪಕ್ಕ ಹೋಗುತ್ತದೆ ನೋಡಿ. ಹಿಂದಿನ ಕೋಣೆ, ಟಾಯ್ಲೆಟ್, ಪಾತ್ರೆ ತೊಳೆಯುವ ಸಿಂಕ್, ಸರಕು ಇಳಿಸುವ ಬಾಗಿಲ ಮೇಲ್ಭಾಗ. ತೂಗು ಸೀಲಿಂಗ್ ಇದ್ದರೆ ಅದರ ಹಲಗೆ ಎತ್ತಿ ನೋಡಲೇಬೇಕು. ಕೆಳಗೆ ಬೆಚ್ಚಗಿದ್ದರೂ ಸೀಲಿಂಗ್ ಮೇಲೆ ಬೇರೆಯೇ ಹವೆ ಇರುತ್ತದೆ.

ಪೈಪು ಒಡೆಯುವುದು ಹೇಗೆ ಅಂತ ತಿಳಿದುಕೊಂಡರೆ ಉಳಿದದ್ದು ಸುಲಭ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಆದರೆ ಬಹಳ ಸಲ ಪೈಪು ಒಡೆಯುವುದು ಐಸ್ ಇರುವ ಜಾಗದಲ್ಲಲ್ಲ. ಐಸ್ ಬೆಳೆಯುತ್ತಾ ಬಿರಡೆಯ ಹಾಗೆ ಕೂತು, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ಪೈಪು ಸೀಳುತ್ತದೆ. ಸೀಳಿದರೂ ಐಸ್ ಅಡ್ಡ ಇರುವ ತನಕ ನೀರು ಬರುವುದಿಲ್ಲ. ಚಳಿ ಇಳಿದಾಗಲೇ ಸುರಿಯುವುದು. ನನ್ನ ಅಂಗಡಿಯಲ್ಲಿ ಆಗಿದ್ದೂ ಇದೇ. ಕಡು ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಡಿ ಅನ್ನುವುದೂ ಇದಕ್ಕೇ. ನಲ್ಲಿ ತೆರೆದಿದ್ದರೆ ಒತ್ತಡ ಹೊರಗೆ ಹೋಗಲು ದಾರಿ ಇರುತ್ತದೆ. ಬಿಸಿನೀರಿನ ನಲ್ಲಿಯನ್ನೂ ಬಿಡಬೇಕು, ಅದನ್ನು ಜನ ಮರೆಯುತ್ತಾರೆ.

ಇಲಿನಾಯ್ (ಚಿಕಾಗೋ ಇರುವ ರಾಜ್ಯ) ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ರಕ್ಷಣೆಯಿಲ್ಲದ ಪೈಪಿಗೆ ಅಪಾಯ ಶುರುವಾಗುವುದು ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿಗೆ, ಅಂದರೆ ಮೈನಸ್ 7 ಸೆಲ್ಸಿಯಸ್. ಚಿಕಾಗೋದಲ್ಲಿ ಅದು ಮಾಮೂಲಿ ಜನವರಿ ರಾತ್ರಿ.

ಮಾಡಬೇಕಾದ್ದು ಇಷ್ಟು. ಹೊರಗೋಡೆ ಪಕ್ಕದ ಪೈಪಿಗೆ ಸ್ಪಂಜಿನ ಕವಚ ಹಾಕಿಸಿ. ತೀರಾ ತಣ್ಣಗಿನ ಮೂಲೆಗೆ ಹೀಟ್ ಟೇಪ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಪಟ್ಟಿ, ಸುತ್ತಿಸಿ. ಅದನ್ನು ಒಂದರ ಮೇಲೊಂದು ಸುತ್ತಬಾರದು, ಬೆಂಕಿ ಹತ್ತುವ ಭಯವಿದೆ. ಪೈಪು ಗೋಡೆ ತೂರುವ ಕಡೆ ಸಂದು ಮುಚ್ಚಿಸಿ. ಹೊರಗಿನ ನಲ್ಲಿಗೆ ಒಳಗಿನಿಂದ ನೀರು ನಿಲ್ಲಿಸಿ, ಹೊರಗೆ ತೆರೆದು ಪೂರ್ತಿ ಬರಿದು ಮಾಡಿ. ಅಂಗಡಿ ಮುಚ್ಚಿದ್ದರೂ ಹೀಟರ್ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇಬಾರದು. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪುಗಳಲ್ಲೂ ನೀರು ತುಂಬಿಯೇ ಇರುತ್ತದೆ. ಅವು ಹಾದುಹೋಗುವ ಜಾಗ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಬೆಚ್ಚಗಿರಬೇಕು. ಹಿಂಬಾಗಿಲನ್ನು ತೆರೆದಿಟ್ಟು ಲಾರಿ ಇಳಿಸುವ ಅಭ್ಯಾಸ ಇದ್ದರೆ ಇದನ್ನು ನೆನಪಿಡಿ.

ಫೋನಿಗೆ ಸುದ್ದಿ ಕಳಿಸುವ ಸಣ್ಣ ಸೆನ್ಸರ್‌ಗಳು ಈಗ ಅಗ್ಗ. ಒಂದು ಉಷ್ಣತೆಗೆ, ಒಂದೆರಡು ನೆಲದ ಮೇಲಿನ ನೀರಿಗೆ ಇಡಿ. ಮೂಟೆಗಳನ್ನು ನೆಲದಿಂದ ಎತ್ತರಿಸಿ ಹಲಗೆ ಮೇಲೆ ಜೋಡಿಸಿ, ಪೈಪಿನ ನೇರ ಕೆಳಗೆ ಬೇಡ.

ಹೆಜ್ಜೆ 3: ಛಾವಣಿ

ಇಲ್ಲಿನ ಅಂಗಡಿಗಳ ಛಾವಣಿ ಬಹುತೇಕ ಚಪ್ಪಟೆ. ಅದರಲ್ಲಿ ನೀರು ಇಳಿಯುವ ತೂಬುಗಳಿರುತ್ತವೆ. ಎಲೆ ಉದುರಿ ಮುಗಿದ ಮೇಲೆ, ಅಂದರೆ ನವೆಂಬರ್‌ನಲ್ಲಿ, ಅವನ್ನು ಒಮ್ಮೆ ಬಿಡಿಸಬೇಕು. ತೂಬು ಕಟ್ಟಿದರೆ ಕರಗಿದ ನೀರು ಮೇಲೆಯೇ ನಿಂತು ಮತ್ತೆ ಹೆಪ್ಪುಗಟ್ಟುತ್ತದೆ.

ಭಾರದ ಲೆಕ್ಕ ಗೊತ್ತಿರಲಿ. ಹೊಸದಾಗಿ ಬಿದ್ದ 10-12 ಇಂಚು ಸ್ನೋ ಒಂದು ಇಂಚು ನೀರಿಗೆ ಸಮ. ಅಂದರೆ ಚದರ ಅಡಿಗೆ ಸುಮಾರು 5 ಪೌಂಡ್. 2,000 ಚದರ ಅಡಿ ಅಂಗಡಿಯಾದರೆ 10,000 ಪೌಂಡ್, ನಾಲ್ಕೂವರೆ ಟನ್. ಹಳೆಯ, ಗಟ್ಟಿಯಾದ ಸ್ನೋ ಆದರೆ 3-5 ಇಂಚಿಗೇ ಇಷ್ಟು ಭಾರ. 2011ರ ಫೆಬ್ರವರಿಯಲ್ಲಿ ಒಂದೇ ಬಿರುಗಾಳಿಗೆ ಚಿಕಾಗೋದಲ್ಲಿ 21.2 ಇಂಚು ಬಿದ್ದಿತ್ತು. ಒಳಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಸೀಲಿಂಗ್ ಜೋತಂತೆ ಕಂಡರೆ, ಮೇಲೆ ಲಟಲಟ ಸದ್ದು ಬಂದರೆ, ಎಲ್ಲರನ್ನೂ ಹೊರಗೆ ಕಳಿಸಿ ಮಾಲೀಕರಿಗೆ ಫೋನ್ ಮಾಡಿ. ದಯವಿಟ್ಟು ನೀವೇ ಹತ್ತಬೇಡಿ.

ಮೇಲಿರುವ ಹೀಟಿಂಗ್ ಯಂತ್ರಕ್ಕೆ ಅಕ್ಟೋಬರ್‌ನಲ್ಲಿ ಸರ್ವಿಸ್ ಮಾಡಿಸಿ, ಫಿಲ್ಟರ್ ಬದಲಿಸಿ. ಹೊಗೆ ಹೋಗುವ ಕೊಳವೆ ಸ್ನೋದಿಂದ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಬಹುದು. ಅದಕ್ಕೆ ವಾಸನೆಯೇ ಇಲ್ಲ. ಡಿಟೆಕ್ಟರ್ ಇಲ್ಲದ ಅಂಗಡಿಯಲ್ಲಿ ಚಳಿಗಾಲದಲ್ಲಿ ಯಾರನ್ನೂ ಕೂರಿಸಬೇಡಿ.

ಇನ್ನೊಂದು ವಿಚಾರ ಕೇಳಿ ನನಗೆ ನಂಬಲು ಕಷ್ಟವಾಗಿತ್ತು. ಹೊರಗೆ ಅಷ್ಟು ಚಳಿ ಇರುವಾಗ ಒಳಗಿನ ವಾಕ್-ಇನ್ ಕೂಲರ್ (ಒಳಗೆ ನಡೆದು ಹೋಗುವಷ್ಟು ದೊಡ್ಡ ಫ್ರಿಜ್) ಸರಿಯಾಗಿ ತಣ್ಣಗಾಗದೆ ಹೋಗಬಹುದು. ಅದರ ಕಂಡೆನ್ಸರ್, ಅಂದರೆ ಬಿಸಿ ಹೊರಹಾಕುವ ಭಾಗ, ಹೊರಗಿದ್ದರೆ ಕಡು ಚಳಿಗೆ ಒಳಗಿನ ಗ್ಯಾಸಿನ ಒತ್ತಡ ಬಿದ್ದುಹೋಗುತ್ತದೆ. ಚಳಿಗಾಲಕ್ಕೆ ಬೇಕಾದ ನಿಯಂತ್ರಣ ಹಾಕಿದೆಯೇ ಅಂತ ಮೆಕ್ಯಾನಿಕ್‌ನನ್ನು ಕೇಳಿ.

ಹೆಜ್ಜೆ 4: ಹೊಸ್ತಿಲು, ಕಾಲುದಾರಿ, ಉಪ್ಪು

ಚಿಕಾಗೋ ನಗರದೊಳಗೆ ಅಂಗಡಿ ಇದ್ದರೆ ಮುಂದಿನ ಕಾಲುದಾರಿ ಸ್ವಚ್ಛ ಮಾಡುವುದು ಕಾನೂನು. ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದ ಸ್ನೋವನ್ನು ರಾತ್ರಿ 10ರೊಳಗೆ ತೆಗೆಯಬೇಕು. ರಾತ್ರಿ ಬಿದ್ದದ್ದನ್ನು ಮರುದಿನ ಬೆಳಿಗ್ಗೆ 10ರೊಳಗೆ. ಐದಡಿ ಅಗಲದ ದಾರಿ ಬಿಡಬೇಕು. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. ಉಪನಗರಗಳಲ್ಲಿ ನಿಯಮ ಬೇರೆ ಬೇರೆ, ನಿಮ್ಮೂರಿನದನ್ನು ಕೇಳಿ ತಿಳಿಯಿರಿ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ನಗರದ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ವಾಹನ ನಿಲ್ಲಿಸುವಂತಿಲ್ಲ, ಸ್ನೋ ಇರಲಿ ಬಿಡಲಿ. ನಸುಕಿನಲ್ಲಿ ಬರುವ ತರಕಾರಿ ಗಾಡಿಯವರಿಗೆ ಇದನ್ನು ಹೇಳಿಬಿಡಿ.

ಗಿರಾಕಿ ಜಾರಿ ಬಿದ್ದರೆ? ಇಲಿನಾಯ್ ಕಾನೂನು ಇಲ್ಲಿ ಒಂದು ವ್ಯತ್ಯಾಸ ಮಾಡುತ್ತದೆ. ತಾನಾಗಿ ಬಿದ್ದು ತಾನಾಗಿ ಕೂತ ಸ್ನೋ ಮತ್ತು ಐಸ್‌ಗೆ ಸಾಮಾನ್ಯವಾಗಿ ಜಾಗದವರು ಹೊಣೆಯಲ್ಲ. ಆದರೆ ನಮ್ಮಿಂದಾಗಿ ಆದ ಐಸ್‌ಗೆ ಹೊಣೆ ಬರುತ್ತದೆ. ಛಾವಣಿ ಅಂಚಿನ ದೋಣಿ (ಗಟರ್) ಸೋರಿ ಬಾಗಿಲ ಮುಂದೆ ನೀರು ಹೆಪ್ಪುಗಟ್ಟಿದ್ದು, ಛಾವಣಿಯ ಕೊಳವೆ ಕಾಲುದಾರಿಗೆ ನೀರು ಬಿಡುವುದು, ತಪ್ಪು ಜಾಗದಲ್ಲಿ ಹಾಕಿದ ರಾಶಿ ಕರಗಿ ಹರಿದದ್ದು ಈ ಸಾಲಿಗೆ ಸೇರುತ್ತವೆ. ಇಲ್ಲೂ ನೀರಿನದೇ ಕತೆ, ಅಲ್ವಾ? ಮಳೆ ಬಂದ ದಿನ ಹೊರಗೆ ನಿಂತು ನೋಡಿ. ಕೊಳವೆಯ ನೀರು ಜನ ನಡೆಯುವ ಕಡೆ ಹೋಗುತ್ತಿದ್ದರೆ ಅವತ್ತೇ ದಿಕ್ಕು ಬದಲಿಸಿ. ಕಾನೂನಿನ ಮಾತು ಹಾಗಿರಲಿ, ಬೇಳೆ ಕೊಳ್ಳಲು ಬರುವವರಲ್ಲಿ ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರೇ ಜಾಸ್ತಿ. ಐಸ್ ಮೇಲೆ ನಡೆದು ಅವರಿಗೆ ರೂಢಿಯಿಲ್ಲ. ಸೊಂಟ ಮುರಿದರೆ ಅವರ ಪಾಡೇನು?

ಉಪ್ಪಿನ ಬಗ್ಗೆ. ಮಾಮೂಲಿ ಕಲ್ಲುಪ್ಪು ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್, ಮೈನಸ್ 9 ಸೆಲ್ಸಿಯಸ್ ಕೆಳಗೆ ಹೋದರೆ ಕೆಲಸ ಮಾಡುವುದಿಲ್ಲ. ಅದಕ್ಕಿಂತ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಅದು ಮೈನಸ್ 29 ಸೆಲ್ಸಿಯಸ್‌ವರೆಗೂ ನಡೆಯುತ್ತದೆ. ಬೆಲೆ ಹೆಚ್ಚು, ಹಾಗಾಗಿ ಒಂದೆರಡು ಚೀಲ ಸಾಕು. ಮೊದಲು ಸಲಿಕೆ, ಆಮೇಲೆ ಉಪ್ಪು. ದೊಡ್ಡ ಕಾಫಿ ಮಗ್ ಒಂದರಷ್ಟು ಉಪ್ಪು ಕಾಲುದಾರಿಯ ಹತ್ತು ಕಾಂಕ್ರೀಟ್ ಚೌಕಕ್ಕೆ ಸಾಕು. ಕಾಳು ಕಾಳಾಗಿ ಬಿಡಿಬಿಡಿಯಾಗಿ ಬೀಳಬೇಕು. ಮಣಗಟ್ಟಲೆ ಸುರಿಯಬೇಡಿ. ಅದು ಕರಗಿ ಹಳ್ಳ ಸೇರುತ್ತದೆ, ಅಲ್ಲಿಂದ ಅದನ್ನು ತೆಗೆಯಲು ದಾರಿಯಿಲ್ಲ. ತೀರಾ ಚಳಿಯಿದ್ದು ಯಾವುದೂ ಕರಗದಿದ್ದರೆ ಮರಳು ಹಾಕಿ, ಕಾಲಿಗೆ ಹಿಡಿತ ಸಿಗುತ್ತದೆ.

ಬಾಗಿಲ ಒಳಗೆ ಉದ್ದನೆಯ ಚಾಪೆ ಹಾಕಿ, ನೆಂದಾಗ ಬದಲಿಸಲು ಇನ್ನೊಂದು ಇಡಿ. ಗಂಟೆಗೊಮ್ಮೆ ನೆಲ ಒರೆಸಿ. ಎಷ್ಟು ಹೊತ್ತಿಗೆ ಸ್ನೋ ತೆಗೆದಿರಿ, ಎಷ್ಟು ಹೊತ್ತಿಗೆ ಉಪ್ಪು ಹಾಕಿದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಫೋನಲ್ಲಿ ಫೋಟೋ ತೆಗೆದಿಡಿ.

ಹೆಜ್ಜೆ 5: ಸಂಕ್ರಾಂತಿ ಸರಕು

ನಮ್ಮ ವ್ಯಾಪಾರಕ್ಕೆ ಒಂದು ವಿಶೇಷ ಕಷ್ಟವಿದೆ. ಸಂಕ್ರಾಂತಿ ಬೀಳುವುದು ಜನವರಿ ಮಧ್ಯದಲ್ಲಿ, ಇಲ್ಲಿನ ಅತಿ ಚಳಿಯ ದಿನಗಳಲ್ಲಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು ಡಿಸೆಂಬರ್ ಮೊದಲ ವಾರವೇ ತರಿಸಿಕೊಳ್ಳಿ, ಅವು ಕೆಡುವುದಿಲ್ಲ. ತಲೆನೋವು ಇರುವುದು ಕಬ್ಬು, ವೀಳ್ಯದೆಲೆ, ಬಾಳೆ ಎಲೆ, ಬಾಳೆಹಣ್ಣು, ಹೂವಿನಲ್ಲಿ.

ಬಾಳೆಹಣ್ಣಿಗೆ ಹೆಪ್ಪುಗಟ್ಟುವ ಚಳಿಯೇ ಬೇಕಿಲ್ಲ. 13 ಸೆಲ್ಸಿಯಸ್ ಕೆಳಗೆ ಸ್ವಲ್ಪ ಹೊತ್ತು ಇದ್ದರೂ ಸಿಪ್ಪೆ ಕಪ್ಪಾಗುತ್ತದೆ, ಸರಿಯಾಗಿ ಹಣ್ಣಾಗುವುದಿಲ್ಲ. ವೀಳ್ಯದೆಲೆ ಒಮ್ಮೆ ಹೆಪ್ಪುಗಟ್ಟಿದರೆ ಬೇಯಿಸಿದ ಸೊಪ್ಪಿನ ಹಾಗಾಗುತ್ತದೆ. ಕಬ್ಬು ಹೆಪ್ಪುಗಟ್ಟಿ ಕರಗಿದರೆ ಹುಳಿ ಬರುತ್ತದೆ. ಹಾಗಾಗಿ ಗಾಡಿ ಬಂದಾಗ ಇಬ್ಬರು ತಯಾರಿರಬೇಕು. ಡಬ್ಬಗಳನ್ನು ಹೊರಗಿಟ್ಟು ಬಿಲ್ ಸರಿ ನೋಡುತ್ತಾ ನಿಲ್ಲಬೇಡಿ. ಮೊದಲು ಒಳಗೆ, ಎಣಿಕೆ ಆಮೇಲೆ. ಗಾಡಿಯೊಳಗೇ ಹೆಪ್ಪುಗಟ್ಟಿ ಬಂದಿದ್ದರೆ ಅಲ್ಲೇ ಫೋಟೋ ತೆಗೆದು ವಾಪಸ್ ಕಳಿಸಿ. ಗಾಜಿನ ಸೀಸೆಯ ಪಾನೀಯಗಳನ್ನು ಹಿಂಬಾಗಿಲ ಪಕ್ಕ ಇಡಬೇಡಿ, ಒಡೆಯುತ್ತವೆ. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಹಾನಿಯಲ್ಲ. ಅದು 24 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುತ್ತದೆ.

ಬಿರುಗಾಳಿ ಸುದ್ದಿ ಬಂದ ಕೂಡಲೇ ಜನ ಅಕ್ಕಿ, ಹಾಲು, ಮೊಸರು, ಈರುಳ್ಳಿಗೆ ಓಡಿ ಬರುತ್ತಾರೆ. ಇವನ್ನು ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಬೆಲೆ ಏರಿಸಬೇಡಿ. ಕಷ್ಟದಲ್ಲಿ ಬಂದವರು ಅದನ್ನು ಮರೆಯುವುದಿಲ್ಲ.

ಹೆಜ್ಜೆ 6: ಕರೆಂಟು ಹೋದರೆ

ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಆಹಾರ 4 ಗಂಟೆ ಸುರಕ್ಷಿತ. ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಚಳಿಗಾಲದಲ್ಲಿ ಫ್ರೀಜರ್ ಖಾಲಿ ಬಿಡಬೇಡಿ, ಜಾಗ ಉಳಿದರೆ ನೀರಿನ ಬಾಟಲಿ ತುಂಬಿಡಿ. ಹೊರಗೆ ಸ್ನೋ ಇದೆಯಲ್ಲ, ಅದರ ಮೇಲೇ ಹಾಲು ಇಡೋಣ ಅನ್ನಿಸಬಹುದು. ಬೇಡ. ಬಿಸಿಲು ಬಿದ್ದರೆ ಬಿಸಿಯಾಗುತ್ತದೆ, ಪ್ರಾಣಿಗಳೂ ಬರುತ್ತವೆ. ಜನರೇಟರ್ ಇದ್ದರೆ ಕಟ್ಟಡದಿಂದ ಕನಿಷ್ಠ 20 ಅಡಿ ದೂರ, ಹೊರಗೇ ಇರಬೇಕು. ಹಿಂದಿನ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟರೂ, ನಡೆಸಬೇಡಿ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರು ಇದು ನಮಗಲ್ಲ ಅನ್ನಬೇಡಿ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಗಿತ್ತು. ಸರ್ಕಾರದ ಲೆಕ್ಕದಲ್ಲೇ 246 ಜನ ತೀರಿಕೊಂಡರು. ಅಲ್ಲಿನ ಕಟ್ಟಡಗಳನ್ನು ಇಂಥ ಚಳಿಗೆಂದು ಕಟ್ಟಿದ್ದಲ್ಲ. ಎರಡನೇ ಹೆಜ್ಜೆ ನಿಮಗೆ ನಮಗಿಂತಲೂ ಹೆಚ್ಚು ಬೇಕು.

ಹೆಜ್ಜೆ 7: ಕೆಲಸದವರು

ಯಾವ ಸ್ಥಿತಿಯಲ್ಲಿ ಅಂಗಡಿ ಮುಚ್ಚುತ್ತೀರಿ, ಯಾರು ನಿರ್ಧರಿಸುತ್ತಾರೆ, ಎಷ್ಟು ಹೊತ್ತಿಗೆ ವಾಟ್ಸಾಪ್‌ನಲ್ಲಿ ತಿಳಿಸುತ್ತೀರಿ ಅಂತ ಮೊದಲೇ ಹೇಳಿಡಿ. ಆ ದಿನದ ಸಂಬಳದ ಮಾತೂ ಆಗಲೇ ಮುಗಿಸಿ. ಊರಿಂದ ಹೊಸದಾಗಿ ಬಂದವರಿಗೆ ಈ ಚಳಿಯ ಅಂದಾಜೇ ಇರುವುದಿಲ್ಲ. ಗಾಳಿ ಸೇರಿ ಮೈನಸ್ 28 ಸೆಲ್ಸಿಯಸ್ ಅನ್ನಿಸುವ ಹವೆಯಲ್ಲಿ ಅರ್ಧ ಗಂಟೆಗೆ ಮುಚ್ಚದೆ ಬಿಟ್ಟ ಚರ್ಮ ಹೆಪ್ಪುಗಟ್ಟಬಹುದು. ಒಳ್ಳೆಯ ಬೂಟು, ಕೈಗವಸು ಅಂಗಡಿಯ ಖರ್ಚಿನಲ್ಲೇ ತೆಗೆದಿಡಿ.

ಸಲಿಕೆ ಹಿಡಿಯುವುದು ಹೃದಯಕ್ಕೆ ಬಹಳ ಭಾರದ ಕೆಲಸ. ನಮ್ಮ ದೇಶದ ಕಡೆಯವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಮೊದಲೇ ಹೆಚ್ಚು. ನಲವತ್ತೈದು ದಾಟಿದವರು, ಬಿಪಿ, ಶುಗರ್ ಇರುವವರು ಈ ಕೆಲಸ ಮಾಡುವುದೇ ಬೇಡ. ಮಾಡುವವರು ಸ್ನೋವನ್ನು ಎತ್ತದೆ ತಳ್ಳಲಿ, ಹತ್ತು ನಿಮಿಷಕ್ಕೊಮ್ಮೆ ಒಳಗೆ ಬರಲಿ. ಎದೆ ಬಿಗಿದಂತಾದರೆ ಸಲಿಕೆ ಅಲ್ಲೇ ಬಿಟ್ಟು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಹೆಜ್ಜೆ 8: ಇನ್ಶೂರೆನ್ಸ್

ಏಜೆಂಟರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಪೈಪು ಒಡೆದರೆ ಹಣ ಸಿಗಲು ಹೀಟರ್ ಎಷ್ಟರಲ್ಲಿ ಇಟ್ಟಿರಬೇಕು? ಬೆಚ್ಚಗಿಡದೆ ಬಿಟ್ಟಿದ್ದರೆ ಕ್ಲೇಮ್ ತಳ್ಳಿಹಾಕಬಹುದು. ಸ್ನೋ ಕರಗಿ ನೆಲದ ಮೇಲಿಂದ ಒಳಗೆ ಹರಿದ ನೀರಿಗೆ? ಅದನ್ನು ಸಾಮಾನ್ಯವಾಗಿ ಪ್ರವಾಹ ಎಂದು ಲೆಕ್ಕ ಹಾಕುತ್ತಾರೆ, ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. ಹೊರಗಿನ ಕರೆಂಟು ತಂತಿ ಬಿದ್ದು ಸರಕು ಕೆಟ್ಟರೆ? ವ್ಯಾಪಾರ ನಿಂತ ನಷ್ಟಕ್ಕೆ ಎಷ್ಟು ಗಂಟೆಯ ಮೇಲೆ ಹಣ ಶುರು? ಉತ್ತರಗಳನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ನವೆಂಬರ್‌ನಲ್ಲಿ ಫೋನ್ ಹಿಡಿದು ಇಡೀ ಅಂಗಡಿಯ ವಿಡಿಯೋ ಮಾಡಿಟ್ಟರೆ ಮುಂದೆ ಏನು ಇತ್ತು ಅಂತ ತೋರಿಸುವುದು ಸುಲಭ.

ಹೆಜ್ಜೆ 9: ಚಳಿ ಏರುವ ಹಿಂದಿನ ಸಂಜೆ, ಇಳಿದ ಮರುದಿನ

ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಸಂಜೆ ನಾವು ಹೀಗೆ ಮಾಡುತ್ತೇವೆ. ಹೀಟರ್ ಅನ್ನು ರಾತ್ರಿ ಇಳಿಸುವುದಿಲ್ಲ, ಹಗಲಿನಷ್ಟೇ ಇಡುತ್ತೇವೆ. ಸಿಂಕಿನ ಕೆಳಗಿನ ಬಾಗಿಲು, ಟಾಯ್ಲೆಟ್ ಬಾಗಿಲು ತೆರೆದಿಡುತ್ತೇವೆ. ಪೈಪಿರುವ ಕಡೆ ಸೀಲಿಂಗ್‌ನ ಒಂದೆರಡು ಹಲಗೆ ಸರಿಸಿ ಬೆಚ್ಚನೆ ಗಾಳಿ ಮೇಲೆ ಹೋಗುವ ಹಾಗೆ ಮಾಡುತ್ತೇವೆ. ಎರಡೂ ನಲ್ಲಿಯನ್ನು ಸಣ್ಣಗೆ ಬಿಡುತ್ತೇವೆ. ಹಲವು ದಿನ ಮುಚ್ಚುವುದಾದರೆ ಮೇನ್ ವಾಲ್ವ್ ಮುಚ್ಚಿ ಪೈಪು ಬರಿದು ಮಾಡುತ್ತೇವೆ. ಸ್ಪ್ರಿಂಕ್ಲರ್ ವಾಲ್ವ್ ಮಾತ್ರ ಮುಟ್ಟುವುದಿಲ್ಲ.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರದಿದ್ದರೆ ಪೈಪು ಹೆಪ್ಪುಗಟ್ಟಿದೆ ಎಂದರ್ಥ. ನಲ್ಲಿ ತೆರೆದೇ ಇರಲಿ. ನಲ್ಲಿಯ ಕಡೆಯಿಂದ ಶುರು ಮಾಡಿ ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಮಾಡಿ. ಬೆಂಕಿ ಹಿಡಿಯಬೇಡಿ. ಹೆಪ್ಪುಗಟ್ಟಿದ ಜಾಗ ಗೋಡೆಯೊಳಗಿದ್ದರೆ ಪ್ಲಂಬರ್ ಬರಲಿ. ಚಳಿ ಇಳಿದ ಮೊದಲ ದಿನ ಒಬ್ಬರು ಅಂಗಡಿಯಲ್ಲೇ ಇರಬೇಕು, ಒಂದು ಗಂಟೆಗೊಮ್ಮೆ ಹಿಂದಿನ ಕೋಣೆಯ ಸೀಲಿಂಗ್ ನೋಡಬೇಕು. ಕಂದು ಕಲೆ ಕಂಡರೆ ಯೋಚಿಸದೆ ಕೆಂಪು ಬಟ್ಟೆಯ ವಾಲ್ವ್ ಮುಚ್ಚಿ, ಆಮೇಲೆ ಫೋನ್.

ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟ ನಡೆಯುತ್ತಲೇ ಇರುತ್ತದೆ. ಉಪ್ಪಿನ ಬಕೆಟ್ ಬಾಗಿಲ ಪಕ್ಕದಲ್ಲೇ ಇರಲಿ. ಹೊರಗಿನ ನಲ್ಲಿಯನ್ನು ಏಪ್ರಿಲ್ ಮುಗಿಯುವ ತನಕ ತೆರೆಯಬೇಡಿ. ತೆರೆಯುವ ದಿನ ಒಬ್ಬರು ಹೊರಗೆ ನಲ್ಲಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಗೋಡೆ ನೋಡುತ್ತಿರಲಿ. ಗೋಡೆಯೊಳಗಿನ ಪೈಪು ಸೀಳಿದ್ದರೆ ಅದು ಗೊತ್ತಾಗುವುದು ಆ ಹೊತ್ತಿಗೇ.